ಪಕ್ಷಕ್ಕೊಂದು ದೆವ್ವದ ಪುಸ್ತಕ

ಹಳೆಯ ಪುಸ್ತಕವೊಂದನ್ನು ಮೇಜಿನ ಮೇಲೆ ಬೆನ್ನೂರಿ ನಿಲ್ಲಿಸಿ, ಎರಡೂ ಕೈಗಳನ್ನು ಮೆಲ್ಲನೆ ಬಿಟ್ಟುನೋಡಿ. ಅದು ತನಗೆ ಬೇಕಾದ ಪುಟದಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಹೊಸ ಪುಸ್ತಕಕ್ಕೆ ಈ ವಿದ್ಯೆ ಬರುವುದಿಲ್ಲ. ಅದು ಒಂದೋ ಧಪ್ಪೆಂದು ಬೀಳುತ್ತದೆ, ಇಲ್ಲವೇ ಬಿಗುಮಾನದಿಂದ ಮುಚ್ಚಿಕೊಂಡೇ ಇರುತ್ತದೆ. ಯಾವುದೋ ಕಾಲದಲ್ಲಿ ಯಾರೋ ಒಬ್ಬರು ಬಹಳ ಹೊತ್ತು ತಂಗಿದ ಪುಟದಲ್ಲಿ ಹಳೆಯ ಪುಸ್ತಕದ ಬೆನ್ನು ಬಳುಕಿರುತ್ತದೆ, ಆ ಬಳುಕು ಆಮೇಲೆ ಹೋಗುವುದಿಲ್ಲ. ನನ್ನಲ್ಲಿರುವ ಒಂದು ಪಾಕಶಾಸ್ತ್ರದ ಪುಸ್ತಕ ಎಷ್ಟು ಸಲ ನಿಲ್ಲಿಸಿದರೂ ಎಣ್ಣೆಗಾಯಿಯ ಪುಟದಲ್ಲಿಯೇ ತೆರೆಯುತ್ತದೆ, ಮತ್ತು ಆ ಪುಟದಲ್ಲಿ ಎಣ್ಣೆಯ ಪುರಾವೆಯೂ ಇದೆ. ಛಂದಸ್ಸಿನ ಪುಸ್ತಕವೊಂದು ಪೀಠಿಕೆಯ ಎರಡನೆಯ ಪುಟದಲ್ಲಿ ತೆರೆಯುತ್ತದೆ. ಪಾಪ, ಅದರ ಹಿಂದಿನ ಮಾಲೀಕರಿಗೆ ಅಲ್ಲಿಂದ ಮುಂದೆ ಹೋಗಲು ಆಗಿಲ್ಲ. ಈ ಮಹತ್ವದ ಸಂಶೋಧನೆಗಾಗಿ ಈವರೆಗೆ ಯಾವ ವಿಶ್ವವಿದ್ಯಾಲಯವೂ ನನಗೆ ಶಾಲು ಹೊದಿಸಿಲ್ಲ ಎಂಬುದನ್ನು ವಿಷಾದದಿಂದ ದಾಖಲಿಸುತ್ತೇನೆ.

ಚಿಕ್ಕೋಡಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವುದು ನನ್ನ ಉದ್ಯೋಗ. ರದ್ದಿ ಅಂಗಡಿಗಳಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಧೂಳು ಕುಡಿಯುವುದು ನನ್ನ ವ್ಯಸನ. ನಿಪ್ಪಾಣಿಗೆ ಹೋದರೆ ಜನ ಬಟ್ಟೆ ಅಂಗಡಿಗೆ ನುಗ್ಗುತ್ತಾರೆ, ನಾನು ತಂಬಾಕಿನ ಘಾಟು ತುಂಬಿದ ಓಣಿಯಲ್ಲಿರುವ ರದ್ದಿ ಗೋದಾಮಿಗೆ ನುಗ್ಗಿ, ಒಂದು ಪುಸ್ತಕಕ್ಕೆ ಮೂರು ಸೀನಿನ ದರದಲ್ಲಿ ಸಾಹಿತ್ಯಸೇವೆ ಮಾಡುತ್ತೇನೆ. ರಾಯಬಾಗದಲ್ಲಿ ಒಬ್ಬ ಭಾಂಡೆ ವ್ಯಾಪಾರಿ ಮೋಡ್ಕಾ, ಅಂದರೆ ಒಡೆದ ಹಳೆಯ ಪಾತ್ರೆ, ತಗೊಳ್ಳುವಾಗ ಜೊತೆಗೆ ಪುಸ್ತಕವನ್ನೂ ತಗೊಳ್ಳುತ್ತಾನೆಂದು ತಿಳಿದ ದಿನದಿಂದ ನಮ್ಮ ಮನೆಯಲ್ಲಿ ತೂತುಬಿದ್ದ ಪಾತೇಲಿಗಳಿಗೆ ಬಹಳ ಬೇಡಿಕೆ ಬಂದಿದೆ. ನಮ್ಮವರು, ಅಂದರೆ ನನ್ನ ಗಂಡ, ನನ್ನನ್ನು ಬಂಧುಗಳಿಗೆ ಪರಿಚಯಿಸುವಾಗ "ಇಕೀ ಪ್ರೊಫೆಸರ್ ಅದಾಳ, ಆದ್ರ ನೋಡಿದವ್ರು ಗುಜರಿಯಾಕಿ ಅನ್ಕೋತಾರ" ಎನ್ನುತ್ತಾರೆ. ಬಂಧುಗಳು ನಗುತ್ತಾರೆ, ನಾನೂ ನಗುತ್ತೇನೆ, ಅಂದಿನ ರಾತ್ರಿಯ ಅಡುಗೆಯಲ್ಲಿ ಉಪ್ಪು ನಗುವುದಿಲ್ಲ.

ಈ ವ್ಯಸನಕ್ಕೆ ಋತುಮಾನವೂ ಒಂದು ಇದೆ. ಭಾದ್ರಪದದ ಗಣಪ್ಪ ನೀರಿಗೆ ಹೋಗಿ, ಹುಣ್ಣಿಮೆ ಕಳೆದು, ಪಿತೃಪಕ್ಷ ಕಾಲಿಟ್ಟಿತೆಂದರೆ ನಮ್ಮ ಕಡೆ ಯಾರೂ ಹೊಸ ವಸ್ತು ಕೊಳ್ಳುವುದಿಲ್ಲ. ಹೊಸ ಬಟ್ಟೆ ಇಲ್ಲ, ಹೊಸ ಗಾಡಿ ಇಲ್ಲ, ಬಂಗಾರದ ಅಂಗಡಿಯವರು ಗಲ್ಲೆಯ ಮುಂದೆ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾರೆ. ನಮ್ಮತ್ತೆ ಈ ನಿಯಮದ ವಿಷಯದಲ್ಲಿ ನ್ಯಾಯಾಧೀಶರಿಗಿಂತ ಬಿಗಿ. ಮದುವೆಯಾದ ಹೊಸದರಲ್ಲಿ ನಾನು ಪಕ್ಷದ ದಿನಗಳಲ್ಲಿ ಒಂದು ಕಾದಂಬರಿ ಕೊಂಡು ತಂದಾಗ ಅವರು ಅದನ್ನು ಹೊಸ್ತಿಲ ಹೊರಗೇ ತಡೆದು, "ಪಕ್ಷದಾಗ ಹೊಸಾದ್ ತರಬಾರ್ದು ಅಂತ ನಿಮ್ಮ ತವರಮನ್ಯಾಗ ಹೇಳಿಲ್ಲೇನ?" ಎಂದು ಕೇಳಿದರು. ನಾನು ಮೊದಲ ಪುಟ ತೆರೆದು, ಯಾರದೋ ಶಾಯಿಯ ಸಹಿ, ಅದರ ಮೇಲೊಂದು ಚಹಾದ ಉಂಗುರ, ಮೂಲೆಯಲ್ಲಿ ಸತ್ತ ಜಿರಳೆಯ ಕಾಲು ತೋರಿಸಿ, "ಅತ್ತೀ, ಇದು ಹಳೇದ್ರಿ" ಎಂದೆ. ಅವರು ಬಹಳ ಹೊತ್ತು ವಿಚಾರ ಮಾಡಿದರು. ಹಳೆಯದನ್ನು ತರಬಾರದೆಂದು ಶಾಸ್ತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಅಂದಿನಿಂದ ಇಡೀ ತಾಲೂಕಿನಲ್ಲಿ ಪಿತೃಪಕ್ಷದಲ್ಲಿ ನಿರಾತಂಕವಾಗಿ ಖರೀದಿ ಮಾಡುವ ಏಕೈಕ ಗೃಹಿಣಿ ನಾನು.

ತಂದದ್ದು ಯಾವ ಕಾದಂಬರಿ ಎಂಬುದನ್ನು ಹೇಳಲಿಲ್ಲ, ಅಲ್ಲವೇ? ದೆವ್ವದ್ದು. ಪಕ್ಷದ ಹದಿನೈದು ದಿನ ಹೋದವರೆಲ್ಲ ಮನೆಮನೆಗೆ ಬರುತ್ತಾರೆಂದು ಎಲ್ಲರೂ ನಂಬಿ ಕೂತಿರುವಾಗ ಭೂತಪ್ರೇತಗಳ ಕಥೆ ಓದುವುದರಲ್ಲಿರುವ ರಸ ಬೇರೆ ಮಾಸದಲ್ಲಿ ಸಿಗುವುದಿಲ್ಲ. ಹೀಗಾಗಿ ಪ್ರತಿವರ್ಷ ನಾನೊಂದು ವಾಚನಯೋಜನೆ ಹಾಕಿಕೊಳ್ಳುತ್ತೇನೆ. ಪಾಡ್ಯಕ್ಕೆ ಒಂದು ಸಣ್ಣ, ಸಜ್ಜನ ದೆವ್ವ, ಪಂಚಮಿಯ ಹೊತ್ತಿಗೆ ಮೋಹಿನಿ, ಅಷ್ಟಮಿಗೆ ಪಾಳುವಾಡೆ, ಅಮಾವಾಸ್ಯೆಗೆ ಸಾಕ್ಷಾತ್ ಬ್ರಹ್ಮರಾಕ್ಷಸ. ಯೋಜನೆ ಬಹಳ ಭವ್ಯ. ಆಚರಣೆಯಲ್ಲಿ ಮಾತ್ರ ಪಾಡ್ಯದ ಸಜ್ಜನ ದೆವ್ವವನ್ನು ಮುಗಿಸುವಷ್ಟರಲ್ಲಿ ನವರಾತ್ರಿ ಬಂದು ಘಟ ಕೂತಿರುತ್ತದೆ. ಅಲ್ಲದೆ ನನಗೊಂದು ಕೆಟ್ಟ ಚಾಳಿ: ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕಡೆಯ ಪುಟ ಓದುತ್ತೇನೆ. ಕೊಲೆ ಮಾಡಿದವರು ಯಾರು, ದೆವ್ವ ನಿಜವೋ ಸುಳ್ಳೋ ಎಂಬುದು ಖಚಿತವಾದ ಮೇಲೆ ನಿಶ್ಚಿಂತೆಯಿಂದ ಹೆದರುವುದು ನನ್ನ ಪದ್ಧತಿ. ನಮ್ಮವರದು ಇನ್ನೊಂದು ಪದ್ಧತಿ. ಅವರು ದೆವ್ವ ನಂಬುವುದಿಲ್ಲ, ಓದುವುದೂ ಇಲ್ಲ. ನಾನು ಓದುತ್ತಿದ್ದರೆ ಮಾತ್ರ ಹಿತ್ತಲ ಬಾಗಿಲ ಚಿಲಕವನ್ನು ಮತ್ತೆಮತ್ತೆ ಪರೀಕ್ಷಿಸಿ ಬರುತ್ತಾರೆ.

ಮನೆಯಲ್ಲಿ ನನಗೆ ಸಮಾನಮನಸ್ಕರಿದ್ದರೆಂದರೆ ಅದು ನಮ್ಮ ಮಾವ ಒಬ್ಬರೇ. ಅವರು ಬಸ್ ಕಂಡಕ್ಟರು. ಚಿಕ್ಕೋಡಿಯಿಂದ ಅಥಣಿ, ಕಾಗವಾಡದ ಕಡೆ ಹೋಗುವ ಗಾಡಿಗಳಲ್ಲಿ ಬದುಕು ಸವೆಸಿದವರು. ಕುಡಚಿಯಲ್ಲಿ ಕೃಷ್ಣೆ ದಾಟುವಾಗ ಎಲ್ಲರೂ ಹೊಳೆಗೆ ಕೈ ಮುಗಿದರೆ ಇವರು ಪುಟ ಮಡಚುತ್ತಿದ್ದರಂತೆ. ಪ್ರತಿ ಬಸ್‌ಸ್ಟ್ಯಾಂಡಿನ ಹಳೆಯ ಪುಸ್ತಕದ ಗಾಡಿಯವರೊಡನೆ ಅವರಿಗೆ ದೋಸ್ತಿ. ಒಂದು ಊರಿನಲ್ಲಿ ಹತ್ತಿಸಿಕೊಂಡ ಪುಸ್ತಕವನ್ನು ಓದಿ ಮುಗಿಸಿ ಇನ್ನೊಂದು ಊರಿನಲ್ಲಿ ಇಳಿಸುತ್ತಿದ್ದರು. ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ, ಒಳಗೆ ಒಂದು ದೆವ್ವವಿರಬೇಕು, ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ಅಂದು ಓದಿದಷ್ಟು ಕಥೆಯನ್ನು ಅತ್ತೆಗೆ ಹೇಳುವುದು ಅವರ ವ್ರತ. ಅತ್ತೆಯ ತವರು ಗಡಿಯಾಚೆಯ ಹಳ್ಳಿ, ಅಕ್ಷರ ಕಲಿತವರಲ್ಲ. ಬಾಯಲ್ಲಿ "ಶಿವಶಿವಾ, ಊಟದ ಹೊತ್ತನ್ಯಾಗ ಇದೆಂಥಾ ಮಾತ್ರಿ" ಎನ್ನುತ್ತ, ಕೈಯಲ್ಲಿ ಬೇಡವೆಂದರೂ ಮತ್ತೊಂದು ರೊಟ್ಟಿ ಬಡಿಸುತ್ತಿದ್ದರು. ರೊಟ್ಟಿ ಹೆಚ್ಚಾದರೆ ಕಥೆಯೂ ಹೆಚ್ಚಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಒಂದೇ ಒಂದು ನಿರ್ಬಂಧವಿತ್ತು. ದೆವ್ವದ ಪುಸ್ತಕ ದೇವರ ಜಗಲಿ ಇರುವ ಕೋಣೆಯಲ್ಲಿ ಕಣ್ಣಿಗೆ ಬೀಳಬಾರದು. ಮಾವ ಮಲಗುವುದೂ ಅದೇ ಕೋಣೆಯಲ್ಲಾದ್ದರಿಂದ ಅವರು ಪುಸ್ತಕವನ್ನು ದಿಂಬಿನ ಗವಸಣಿಕೆಯೊಳಗೆ ತೂರಿಸಿಡುತ್ತಿದ್ದರು. ಹೀಗೆ ದೇವರಿಗೂ ಕಾಣದೆ, ಅತ್ತೆಗೂ ಕಾಣದೆ, ಮಾವನ ತಲೆಯ ಕೆಳಗೆ ಪ್ರತಿರಾತ್ರಿ ಒಂದು ದೆವ್ವ ಮಲಗಿರುತ್ತಿತ್ತು.

ಮಾವ ತೀರಿಕೊಂಡದ್ದು ಒಂದು ಕಾದಂಬರಿಯ ನಡುವೆ. ಹಿಂದಿನ ದಿನ ಊಟಕ್ಕೆ ಕೂತು ಒಂದು ಬಾವಿಯ ದೆವ್ವದ ಕಥೆ ಹೇಳಿದ್ದರು; ಮರುದಿನ ಮುಂಜಾನೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅವರು ನನಗೆ ಮಾವ ಎನ್ನುವುದಕ್ಕಿಂತ ಪುಸ್ತಕದ ಪಾಲುಗಾರರು, ಅವರಿಲ್ಲದ ಮನೆಯಲ್ಲಿ ನನಗೆ ಬಹಳ ದಿನ ಓದಲಾಗಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ಹೋದವರ ಧೋತರ, ಚಪ್ಪಲಿ, ಕೊಡೆ, ಹಾಸಿಗೆ ಎಲ್ಲವನ್ನೂ ಕೊಟ್ಟುಬಿಡುವುದು ನಮ್ಮಲ್ಲಿ ಪದ್ಧತಿ. ಹಾಗೆಯೇ ಕೊಟ್ಟೆವು. ಹಾಸಿಗೆಯ ಜೊತೆ ದಿಂಬು ಹೋಯಿತು, ದಿಂಬಿನ ಜೊತೆ ಪುಸ್ತಕವೂ ಹೋಯಿತು. ಆಮೇಲೆ ಯಾವಾಗಲೋ ಅತ್ತೆಗೆ ಹೊಳೆದು ವಿಚಾರಿಸಲು ಕಳಿಸಿದಾಗ, ದಿಂಬು ಸುಖವಾಗಿದೆ, ಪುಸ್ತಕ ಮಾತ್ರ ನೀರೊಲೆಗೆ ಹೋಯಿತೆಂಬ ಸುದ್ದಿ ಬಂತು.

ಮರುವರ್ಷ ಪಕ್ಷದಲ್ಲಿ ಮಾವನ ತಿಥಿಯ ದಿನ ಮ್ಹಾಳ ಹಾಕಿದೆವು. ಹಿರಿಯರಿಗೆ ಎಡೆ ಇಡುವುದಕ್ಕೆ ಅತ್ತೆಯ ತವರಿನ ಕಡೆಯ ಹೆಸರು ಅದು. ಹೋಳಿಗೆ, ವಡೆ, ಖೀರು, ಬದನೆಕಾಯಿ ಪಲ್ಯ, ಬಸ್‌ಸ್ಟ್ಯಾಂಡಿನಿಂದಲೇ ತರಿಸಿದ ಮೆಣಸಿನಕಾಯಿ ಭಜಿ, ಖಡಕ್ ಚಹಾ, ಒಂದು ಚಿಟಿಕೆ ತಂಬಾಕು, ಸುಣ್ಣದ ಡಬ್ಬಿ. ಎಲೆಯನ್ನು ಮಾಳಿಗೆಯ ಮೇಲಿಟ್ಟು ಕಾಗೆಗಾಗಿ ಕಾದೆವು. ಕಾಗೆ ಬರಲಿಲ್ಲ. ಅಕ್ಕಪಕ್ಕದ ಮಾಳಿಗೆಗಳಲ್ಲಿ ಕಾಗೆಗಳ ಪಂಕ್ತಿಭೋಜನವೇ ನಡೆದಿತ್ತು. ನಮ್ಮ ಎಲೆಯತ್ತ ಒಂದೂ ಹೊರಳಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಕೈಜೋಡಿಸಿ ಮಾತು ಕೊಡಬೇಕು. ನಮ್ಮವರು ಮುಂದೆ ಬಂದು ಹಿತ್ತಲ ಗೋಡೆಗೆ ಗಿಲಾವು ಮಾಡಿಸುವುದಾಗಿ ಹೇಳಿದರು. ಬೇವಿನ ಮರದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದ ಒಂದು ಕಾಗೆ ಕದಲಲಿಲ್ಲ. ನಾನು ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುವುದಾಗಿ ಹೇಳಿದೆ. ಕಾಗೆ ಬೆನ್ನು ತಿರುಗಿಸಿತು. ಇದನ್ನು ಅತ್ತೆ ಇವತ್ತಿಗೂ ನೆನಪಿಸುತ್ತಾರೆ.

ಕಡೆಗೆ ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಎಲೆಯ ಮುಂದೆ ಕೂತರು. "ಆ ಬಾಂವ್ಯಾಗಿನ ಹೆಣ್ಮಗಳದ್ ಏನಾತು ಅಂತ ತಿಳೀಲಾರದ ಹ್ವಾದ್ರಿ ನೀವು. ಅದ ನಿಮ್ಮ ಮನಸಿನ್ಯಾಗ ಉಳದೈತಿ ಅಂತ ನನಗ ಗೊತ್ತೈತಿ. ಆ ಪುಸ್ತಕ ಹುಡುಕಿ ಓದಸ್ತೇನಿ. ಈಗ ಊಟಾ ಮಾಡ್ರಿ." ಬೇವಿನ ಮರದಿಂದ ಆ ಕಾಗೆ ನೇರವಾಗಿ ಇಳಿದು ಬಂದು ಭಜಿ ಎತ್ತಿಕೊಂಡಿತು. ಪಕ್ಕದ ಮಾಳಿಗೆಯ ಎಲೆಗಳೆಲ್ಲ ಅಷ್ಟರಲ್ಲಿ ಖಾಲಿಯಾಗಿದ್ದವು ಎಂಬ ವೈಜ್ಞಾನಿಕ ವಿವರಣೆ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡೆ.

ಹೀಗೆ ನನ್ನ ವ್ಯಸನಕ್ಕೆ ರಾಜಾಶ್ರಯ ದೊರೆಯಿತು. ಅಲ್ಲಿಯವರೆಗೆ ಕಸ ತರುವವಳಾಗಿದ್ದ ನಾನು ಒಮ್ಮೆಲೇ ಪಿತೃಋಣ ತೀರಿಸುವವಳಾದೆ. ತೊಡಕು ಒಂದೇ: ಪುಸ್ತಕದ ಹೆಸರು ಯಾರಿಗೂ ಗೊತ್ತಿಲ್ಲ. ಮಾವ ಕಥೆ ಹೇಳುತ್ತಿದ್ದರೇ ಹೊರತು ಹೆಸರು ಹೇಳುತ್ತಿರಲಿಲ್ಲ. ಅತ್ತೆ ಹೊದಿಕೆಯ ಚಿತ್ರವನ್ನು ಒಂದು ಸಲ, ದಿಂಬಿನ ಗವಸಣಿಕೆ ಒಗೆಯಲು ತೆಗೆದಾಗ, ನೋಡಿದ್ದರು. "ಬಾಂವಿ ಐತಿ. ಬಾಂವ್ಯಾಗಿಂದ ಒಂದು ಕೈ ಮ್ಯಾಲ ಬಂದೈತಿ. ಕೈತುಂಬ ಹಸರ ಬಳಿ." ಇಷ್ಟೇ ಚಹರೆಪಟ್ಟಿ.

ಅಬ್ಬಾ, ಕನ್ನಡದ ದೆವ್ವದ ಕಾದಂಬರಿಗಳ ಹೊದಿಕೆಗಳಲ್ಲಿ ಬಾವಿಯಿಂದ ಮೇಲೆ ಬರುವ ಕೈಗಳು ಎಷ್ಟಿವೆಯೆಂದು ನಿಮಗೆ ಗೊತ್ತೇ? ಹುಡುಕಲು ಹೊರಟ ಮೇಲೆ ನನಗೆ ತಿಳಿಯಿತು. ಹಾರೂಗೇರಿಯ ಸಂತೆಯಲ್ಲಿ ಒಂದು ಕೈ ಸಿಕ್ಕಿತು. ಹಿಗ್ಗಿನಿಂದ ತಂದರೆ ಅತ್ತೆ ಕನ್ನಡಕ ಏರಿಸಿ ನೋಡಿ, "ಇದು ಎಡಗೈ. ಆಕೀದು ಬಲಗೈ" ಎಂದು ಬದಿಗೆ ಸರಿಸಿದರು. ಅಥಣಿಯಲ್ಲಿ ಸಿಕ್ಕಿದ್ದು ಬಲಗೈಯೇ, ಆದರೆ ಬಳೆ ಕೆಂಪು. "ಬಣ್ಣಾ ಹೋಗಿರಬೇಕ್ರಿ" ಎಂದು ನಾನು ವಾದಿಸಿದೆ. "ಹಸರ ಹೋಗಿ ಕೆಂಪ ಹೆಂಗಾಕ್ಕೈತಿ, ಕಾಲೇಜಿನ್ಯಾಗ ಇದನ್ನ ಕಲಸ್ತೀಯೇನ?" ಎಂದು ಕೇಳಿದರು. ಕಾಗವಾಡದಲ್ಲಿ ಒಂದು ಬಾಡಿಗೆ ಪುಸ್ತಕದಂಗಡಿ ಮುಚ್ಚಿ ಅದರ ಮೂಟೆಗಳೆಲ್ಲ ಒಬ್ಬ ಕಿರಾಣಿಯವರ ಅಟ್ಟ ಸೇರಿವೆಯೆಂದು ಕೇಳಿ ಅಲ್ಲಿಗೂ ಹೋದೆ. ಅಟ್ಟ ಹತ್ತಿ ಇಳಿಯುವಷ್ಟರಲ್ಲಿ ನಾನೇ ದೆವ್ವದಂತಾಗಿದ್ದೆ. ಕೈಯಲ್ಲಿ ಹಸಿರು ಬಳೆಯ ಬಲಗೈ ಇದ್ದ ಪುಸ್ತಕವಿತ್ತು. ಅತ್ತೆ ಬಹಳ ಹೊತ್ತು ನೋಡಿದರು. "ಉಗುರಿಗೆ ಬಣ್ಣಾ ಹಚ್ಚಕೊಂಡಾಳ. ಆ ಕಥ್ಯಾಗಿನ ವಾಡೇದ ಹೆಣ್ಮಕ್ಕಳು ಉಗುರಿಗೆ ಬಣ್ಣಾ ಹಚ್ಚೋದಿಲ್ಲ." ಇಷ್ಟು ಕಟ್ಟುನಿಟ್ಟಿನ ವಿಮರ್ಶಕರು ನಮ್ಮ ಸಾಹಿತ್ಯಲೋಕದಲ್ಲಿ ಇದ್ದಿದ್ದರೆ ಎಷ್ಟೋ ಕೃತಿಗಳು ಅಚ್ಚಾಗುತ್ತಲೇ ಇರಲಿಲ್ಲ.

ಈ ನಡುವೆ ಕಥೆಯ ಹಿಂದಿನ ಭಾಗವನ್ನೆಲ್ಲ ಅತ್ತೆಯ ಬಾಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಒಂದು ದೊಡ್ಡ ವಾಡೆ. ಅಲ್ಲಿಗೆ ಹೊಸದಾಗಿ ಬಂದ ಸೊಸೆ. ಹಿತ್ತಲ ಬಾವಿಯ ಹತ್ತಿರ ಸುಳಿಯಬೇಡವೆಂದು ಗದರಿಸುವ ಅತ್ತೆ. ಪ್ರತಿ ಅಮಾವಾಸ್ಯೆ ಬಾವಿಯ ಕಟ್ಟೆಯ ಮೇಲೆ ತಾನಾಗಿ ಉರಿಯುವ ದೀಪ. ಒಂದು ದಿನ ಸೊಸೆ ಧೈರ್ಯಮಾಡಿ ಕಟ್ಟೆಯವರೆಗೆ ಹೋದಾಗ ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಾರೆ. ಮಾವ ಅಲ್ಲಿಗೆ ನಿಲ್ಲಿಸಿ ಕೈ ತೊಳೆದಿದ್ದರು. ಅಲ್ಲಿಂದ ಮುಂದೆ ಏನಾಯಿತೆಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಂಥಗಳು ಹುಟ್ಟಿಕೊಂಡವು. ನನಗೆ ಆ ಕಾದಂಬರಿಯ ಅತ್ತೆಯ ಮೇಲೆ ಪೂರ್ಣ ಸಂಶಯ. ನಮ್ಮತ್ತೆಗೆ ಸೊಸೆಯ ಮೇಲೆ. "ಬ್ಯಾಡ ಅಂದ ಮ್ಯಾಲ ಆಕಿ ಬಾಂವೀ ಕಡೆ ಯಾಕ ಹ್ವಾದಳು? ಹಿರ್ಯಾರ ಮಾತ ಅಂದ್ರ ಏನಂತ ತಿಳದಾಳ?" ಎಂದು ಅವರು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ರೊಟ್ಟಿಗೆ ಬೀಳುವ ಪೆಟ್ಟಿನಲ್ಲಿ ಸ್ವಲ್ಪ ಭಾಗ ನನಗೂ ಸೇರಿದ್ದೆಂದು ನನ್ನ ಅನುಮಾನ. ನಮ್ಮವರು ತಟಸ್ಥರು. ಅವರಿಗೆ ಬೇಕಾದದ್ದು ಬಾವಿಯ ಸುದ್ದಿ ಕತ್ತಲಾದ ಮೇಲೆ ಎತ್ತಬಾರದು, ಅಷ್ಟೇ.

ಪುಸ್ತಕ ಸಿಕ್ಕದ್ದು ಈ ವರ್ಷ, ಕುಡಚಿಯಲ್ಲಿ, ಪಕ್ಷ ಹಿಡಿಯುವ ಮುನ್ನ. ಅಲ್ಲಿ ರೇಲ್ವೆ ಸ್ಟೇಶನ್ನಿನ ದಾರಿಯಲ್ಲಿ ಒಬ್ಬ ಚಾಚಾನ ರದ್ದಿ ಅಂಗಡಿಯಿದೆ. ಚಾಚಾ ಪುಸ್ತಕ ಬಂದ ತಕ್ಷಣ ಹೊದಿಕೆಯ ರಟ್ಟನ್ನು ಕಿತ್ತು ಬೇರೆ ಹಾಕುತ್ತಾನೆ, ರಟ್ಟಿನ ಗಿರಾಕಿಗಳು ಬೇರೆಯಂತೆ. ಹೊದಿಕೆ ನೋಡಿ ಹುಡುಕುವ ನನ್ನಂಥವಳಿಗೆ ಅದಕ್ಕಿಂತ ನಿರುಪಯೋಗಿ ಅಂಗಡಿ ಇನ್ನೊಂದಿಲ್ಲ. ಆದರೂ ಬಸ್ಸಿಗೆ ಇನ್ನೂ ಹೊತ್ತಿತ್ತು, ಕೈ ಸುಮ್ಮನಿರಲಿಲ್ಲ. ರಟ್ಟಿಲ್ಲದ ಒಂದು ಪುಸ್ತಕ ಎತ್ತಿ, ಅಭ್ಯಾಸಬಲದಿಂದ ಬೆನ್ನೂರಿ ನಿಲ್ಲಿಸಿ ಕೈ ಬಿಟ್ಟೆ. ಅದು ತೆರೆದುಕೊಂಡಿತು. ತೆರೆದ ಪುಟದಲ್ಲಿ ವಾಡೆಯ ಸೊಸೆ ಬಾವಿಯ ಕಟ್ಟೆಯ ಮೇಲೆ ಕೈಯೂರಿ ಬಗ್ಗಿದ್ದಳು, ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆಯುತ್ತಿದ್ದರು.

ಇದು ಮಾವನ ಪ್ರತಿಯಲ್ಲ, ಅದು ಬೂದಿಯಾಗಿ ಎಷ್ಟೋ ಕಾಲವಾಯಿತು. ಇನ್ಯಾರೋ ಅಪರಿಚಿತರು ಅದೇ ಜಾಗದಲ್ಲಿ ಉಸಿರು ಹಿಡಿದು ಕೂತಿದ್ದರು. ನನ್ನ ಬೆರಳು ತಾನಾಗಿಯೇ ಕಡೆಯ ಪುಟದ ಕಡೆ ಹೊರಟಿತು. ಅಲ್ಲಿ ಅದನ್ನು ಹಿಡಿದು ನಿಲ್ಲಿಸಿದೆ. ಮಾವನಿಗಿಂತ ಮೊದಲು ನಾನು ಓದುವುದೇ? ಅವರು ಬದುಕಿದ್ದಾಗ ಕಡೆಯ ಪುಟ ಮೊದಲು ಓದುವ ನನ್ನ ಚಾಳಿಗೆ, "ತಂಗೀ, ಇದು ಟಿಕೀಟ ತಗೋಳಾರದ ಗಾಡಿ ಹತ್ತಿದಂಗ" ಎಂದು ಕಾಡುತ್ತಿದ್ದರು. ಆದರೆ ಕಡೆಯ ಪುಟ ಇದೆಯೋ ಇಲ್ಲವೋ ಎಂಬುದಾದರೂ ತಿಳಿಯಬೇಡವೇ? ಶೇಂಗಾ ಮಾರುವವರು ಪೊಟ್ಟಣ ಕಟ್ಟಲು ಪುಸ್ತಕವನ್ನು ಯಾವಾಗಲೂ ಹಿಂದಿನಿಂದ ಹರಿಯುತ್ತಾರೆ.

"ಚಾಚಾ, ನಿಮಗ ಕನ್ನಡಾ ಓದಾಕ ಬರ್ತೈತೇನ್ರಿ?" ಎಂದೆ.

"ಇಲ್ರೀ ಮೇಡಂ. ನಂದು ಉರ್ದು. ಬಸ್ಸಿನ ಬೋರ್ಡ್ ಅಷ್ಟ ಗುರ್ತ ಹಿಡೀತೇನಿ."

"ಬಾಳ ಚಲೋ ಆತ್ರಿ. ಇದರ ಕಡೀ ಹಾಳಿ ಐತೇನು, ಸ್ವಲ್ಪ ನೋಡಿ ಹೇಳ್ರಿ."

ಓದಲು ಬರುವವಳು ಕಣ್ಣು ಮುಚ್ಚಿ ನಿಂತು, ಓದಲು ಬರದವನ ಕೈಗೆ ಪುಸ್ತಕ ಕೊಟ್ಟದ್ದನ್ನು ಕಂಡು ಚಾಚಾ ಕಕ್ಕಾಬಿಕ್ಕಿಯಾದ. ಆದರೂ ಹಿಂದಿನ ಹಾಳಿಗಳನ್ನು ತಿರುವಿ, "ಐತ್ರಿ. ಅರ್ಧಾ ಹಾಳಿ ಖಾಲಿ ಬಿಟ್ಟಾರ. ನಡುವ ಮೂರು ಚುಕ್ಕಿ ಹಾಕ್ಯಾರ. ಕಥಿ ಖತಮ್ ಆಗೇತಿ ನೋಡ್ರಿ" ಎಂದು ತೀರ್ಪು ಕೊಟ್ಟ. ಆಮೇಲೆ ಕನಿಕರದಿಂದ, "ಓದಾಕ ಬೇಕಿದ್ರ ರಟ್ಟಿದ್ದದ್ ತಗೋರಲಾ" ಎಂದೂ ಸೇರಿಸಿದ.

ಮನೆಗೆ ಬಂದು ಅತ್ತೆಯ ಕೈಗೆ ಕೊಟ್ಟೆ. ಹೊದಿಕೆಯಿಲ್ಲದ್ದನ್ನು ನೋಡಿ ಅವರ ಮುಖ ಬಾಡಿತು. ನಾನು ಮೊದಲ ಪುಟ ಓದಿದೆ. ಸೊಸೆ ಚಕ್ಕಡಿಯಿಂದ ಇಳಿದು ವಾಡೆಯ ಹೊಸ್ತಿಲಿಗೆ ಎಡವುತ್ತಾಳೆ. ಅತ್ತೆ ಮುಂದಿನ ಮಾತನ್ನು ತಾವೇ ಹೇಳಿದರು. ಎರಡನೆಯ ಪುಟ ಓದಿದೆ, ಅದನ್ನೂ ಹೇಳಿದರು. ಆಮೇಲೆ ಪುಸ್ತಕ ಇಸಕೊಂಡು ಮಡಿಲಲ್ಲಿಟ್ಟುಕೊಂಡು, ಅದರ ಹರಿದ ಬೆನ್ನನ್ನು ಸವರಿದರು. ಕಣ್ಣಲ್ಲಿ ನೀರಿತ್ತು. ತಲೆಯೆತ್ತಿ, "ಕಡೀ ಹಾಳಿ ನೋಡಿಯೇನ?" ಎಂದರು.

"ಇಲ್ರಿ ಅತ್ತೀ."

"ನನ್ನ ಮಾರಿ ನೋಡಿ ಹೇಳು."

"ನಿಮ್ಮಾಣಿ ಇಲ್ರಿ."

ಅವರು ನಂಬಲಿಲ್ಲವೆಂದು ಕಾಣುತ್ತದೆ. ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿ ತಮ್ಮ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ದಿನಗಳಲ್ಲಿ ನಾನು ಪಟ್ಟ ಕಷ್ಟ ಯಾವ ತಪಸ್ವಿಯೂ ಪಟ್ಟಿರಲಾರ. ತರಗತಿಯಲ್ಲಿ ಪಾಠ ಮಾಡುವಾಗಲೂ ಬಾವಿಯಿಂದ ಯಾರೋ ಕರೆಯುತ್ತಿದ್ದರು.

ಮಾವನ ತಿಥಿ ಬಂತು. ಮಟಮಟ ಮಧ್ಯಾಹ್ನ, ಮಾಳಿಗೆಯ ಮೇಲೆ ಎಲೆ ಹಾಕಿ, ಹೋಳಿಗೆಯಿಂದ ಹಿಡಿದು ಸುಣ್ಣದ ಡಬ್ಬಿಯವರೆಗೆ ಎಲ್ಲವನ್ನೂ ಜೋಡಿಸಿಟ್ಟರು ಅತ್ತೆ. ಎಲೆಯ ಎದುರು ನನಗೊಂದು ಮಣೆ. ಟ್ರಂಕಿನಿಂದ ಪುಸ್ತಕ ಹೊರಬಂತು. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ, "ಅವ್ರ ಎಲ್ಲಿಗೆ ಬಿಟ್ಟಾರ ಅಲ್ಲಿಂದ ಓದು. ಮದ್ಲಿಂದ ಓದಿದ್ರ ಬ್ಯಾಸರಾ ಮಾಡ್ಕೋತಾರ" ಎಂದರು. ನಮ್ಮವರು ಇದೆಲ್ಲ ಹೆಂಗಸರ ಹುಚ್ಚಾಟ, ತಮಗೆ ಸಂಬಂಧವಿಲ್ಲ ಎಂಬಂತೆ ಮೆಟ್ಟಿಲ ಮೇಲೆ ಕೂತು ಪೇಪರು ಓದತೊಡಗಿದರು. ಪೇಪರು ತಲೆಕೆಳಗಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಒಂದು ಪುಟವನ್ನೂ ಅವರು ತಿರುವಲಿಲ್ಲ.

ನಾನು ಓದಿದೆ. ತರಗತಿಯಲ್ಲಿ ಎಂದೂ ಇಷ್ಟು ಸ್ಪಷ್ಟವಾಗಿ ಓದಿಲ್ಲ. ಒಂದು ಪುಟ ಮುಗಿಯುವಷ್ಟರಲ್ಲಿ ಕಾಗೆ ಬಂತು. ಯಾರ ಮಾತಿಗೂ ಕಾಯದೆ, ಯಾವ ವಚನವನ್ನೂ ಕೇಳದೆ, ತಾನಾಗಿ ಬಂದು ಭಜಿ ಎತ್ತಿ ಕಟ್ಟೆಗೋಡೆಯ ಮೇಲೆ ಕೂತು ತಿಂದಿತು. "ಬಂದ್ರು. ನೀ ಓದು" ಎಂದರು ಅತ್ತೆ, ನೆಂಟರ ಆಗಮನವನ್ನು ಹೇಳುವ ಸಹಜ ದನಿಯಲ್ಲಿ. ಭಜಿ ಮುಗಿದರೂ ಕಾಗೆ ಹೋಗಲಿಲ್ಲ. ಕೊಕ್ಕು ಒರೆಸಿಕೊಂಡು ಕತ್ತು ಓರೆಮಾಡಿ ಕೂತಿತು. ಪಕ್ಕದ ಮಾಳಿಗೆಯಲ್ಲಿ ಹೊಸ ಎಲೆ ಬಿತ್ತು, ಉಳಿದ ಕಾಗೆಗಳು ಕಾಕಾ ಎಂದು ಅತ್ತ ಹಾರಿದವು, ಇದು ಕದಲಲಿಲ್ಲ. ನನ್ನ ವೈಜ್ಞಾನಿಕ ವಿವರಣೆ ಈ ಸಲ ನಾಲಿಗೆಯ ತುದಿಗೂ ಬರಲಿಲ್ಲ. ಸೊಸೆ ಬಾವಿಗೆ ಹಗ್ಗ ಬಿಟ್ಟಳು. ಹಗ್ಗ ಭಾರವಾಯಿತು. ಹಿಂದಿನಿಂದ ವಾಡೆಯ ಅತ್ತೆಯ ಕಾಲಂದುಗೆಯ ಸದ್ದು ಬಂತು. ಹಸಿರು ಬಳೆಯ ಕೈಯೊಂದು ಕತ್ತಲೆಯಿಂದ ಮೇಲೆದ್ದು ಬಾವಿಯ ಅಂಚನ್ನು ಹಿಡಿಯಿತು. ಅಲ್ಲಿಗೆ ಅಧ್ಯಾಯ ಮುಗಿಯಿತು. ಮುಂದಿನದು ಕಡೆಯ ಅಧ್ಯಾಯ. ನಾನು ಪುಟ ತಿರುವಿದೆ.

ಅತ್ತೆ ಆ ಪುಟದ ಮೇಲೆ ತಮ್ಮ ಅಂಗೈ ಇಟ್ಟರು.

"ಸಾಕು. ನಿಲ್ಸು."

"ಅತ್ತೀ, ಇನ್ನ ನಾಕ ಹಾಳಿ ಅಷ್ಟ ಅದಾವ್ರಿ!"

"ಇರ್ಲಿ."

"ಓದಸ್ತೇನಿ ಅಂತ ಅವ್ರಿಗೆ ಮಾತ ಕೊಟ್ಟೀರಿ."

"ಓದಸ್ತೇನಿ ಅಂದೇನಿ. ಇದ ವರ್ಷ ಮುಗಸ್ತೇನಿ ಅಂದಿಲ್ಲ." ಅತ್ತೆ ಕಾಗೆಯ ಕಡೆ ನೋಡುತ್ತಿದ್ದರು. ಅವರ ಕೈ ಪುಟದ ಮೇಲಿಂದ ಏಳಲಿಲ್ಲ. "ಕಥಿ ಮುಗದ್ರ ಮುಂದಿನ ವರ್ಷ ಅವ್ರು ಯಾಕ ಬರ್ತಾರ?"

ಮಾವನ ಕಥೆ ಅರ್ಧಕ್ಕೆ ನಿಂತಿತೆಂದು ಇಷ್ಟು ಕಾಲ ಕಳವಳಪಟ್ಟವರು ಇವರು, ಅದಕ್ಕಾಗಿ ನಾಲ್ಕು ಊರುಗಳ ಧೂಳನ್ನು ನನಗೆ ಕುಡಿಸಿದವರು ಇವರು. ನಾನು ಪುಸ್ತಕ ಅವರ ಕೈಗೆ ಕೊಟ್ಟೆ. ಅವರು ಎದ್ದು ನಿಂತು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕಾಗೆಗೆ ಹೇಳಿದರು: "ಉಳದಿದ್ದು ಮುಂದಿನ ಪಕ್ಷಕ್ಕ. ತಪ್ಪಿಸಬ್ಯಾಡ್ರಿ. ಹೋಗಿಬರ್ರಿ." ಕಾಗೆ ಒಂದು ವಡೆ ಕಚ್ಚಿಕೊಂಡು ಬೇವಿನ ಮರದ ಕಡೆ ಹಾರಿತು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಪೇಪರು ಬಿದ್ದ ಸದ್ದಾಯಿತು. ನಮ್ಮವರು ಎದ್ದು ಬಂದು, ಸಣ್ಣ ಹುಡುಗರ ದನಿಯಲ್ಲಿ, "ಅವ್ವಾ, ಅಪ್ಪಗ ಬ್ಯಾಡಾದ್ರ ಬ್ಯಾಡ, ನನಗರ ಓದಿ ಹೇಳ್ಸಲಾ! ಆ ಕೈ ಯಾರದು?" ಎಂದರು. ದೆವ್ವವನ್ನು ನಂಬದವರ ಹಣೆಯ ಮೇಲೆ ಬೆವರಿತ್ತು. ಅತ್ತೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಆ ವಾಡೇದ ಅತ್ತೀದ ಏನೂ ತಪ್ಪಿಲ್ಲ, ನೋಡ್ತಿರ್ರಿ ಬೇಕಾದ್ರ" ಎಂದು ನನ್ನತ್ತ ಒಂದು ನೋಟ ಎಸೆದು ಕೆಳಗಿಳಿದರು.

ಮುಂದಿನ ವರ್ಷದ ನನ್ನ ವಾಚನಯೋಜನೆ ಹೀಗೆ ಬಹಳ ಸರಳವಾಗಿದೆ: ಒಟ್ಟು ನಾಲ್ಕು ಹಾಳಿ. ಅವೂ ಮುಗಿಯುತ್ತವೆಂದು ನನಗೆ ಭರವಸೆಯಿಲ್ಲ. ಅತ್ತೆ ಈಗಲೇ "ವರ್ಷಕ್ಕ ಅರ್ಧಾ ಹಾಳಿ ಸಾಕಲ್ಲ" ಎಂದು ಗೊಣಗುವುದನ್ನು ಕೇಳಿಸಿಕೊಂಡಿದ್ದೇನೆ. ಕಡೆಯ ಪುಟವನ್ನು ಮೊದಲು ಓದುವ ನಾನು ಈಗ ಕಡೆಯ ಪುಟವೇ ಇಲ್ಲದೆ ಬದುಕುತ್ತಿದ್ದೇನೆ, ಮತ್ತು ಅಚ್ಚರಿಯೆಂದರೆ ಆರೋಗ್ಯವಾಗಿಯೇ ಇದ್ದೇನೆ. ಮೊನ್ನೆ ಟ್ರಂಕು ಒರೆಸುವಾಗ ಅತ್ತೆಯ ಕಣ್ಗಾವಲಿನಲ್ಲಿಯೇ ಆ ಪುಸ್ತಕವನ್ನು ಬೆನ್ನೂರಿ ನಿಲ್ಲಿಸಿ ಕೈ ಬಿಟ್ಟೆ. ಅದೀಗ ಬಾವಿಯ ಕಟ್ಟೆಯ ಪುಟದಲ್ಲಿ ತೆರೆಯುವುದಿಲ್ಲ. ಅತ್ತೆಯ ಅಂಗೈ ಒತ್ತಿದ ಜಾಗದಲ್ಲಿ, ಕಡೆಯ ಅಧ್ಯಾಯದ ಮೊದಲ ಪುಟದಲ್ಲಿ ತೆರೆದುಕೊಳ್ಳುತ್ತದೆ. ನಾನು ಥಟ್ಟನೆ ಮುಚ್ಚಿದೆ. ಎಂದೋ ಒಂದು ದಿನ ಇದೂ ಯಾವುದಾದರೊಂದು ರದ್ದಿ ಅಂಗಡಿಗೆ ಹೋಗಿ, ನನ್ನಂಥ ಯಾರೋ ಒಬ್ಬರು ಇದನ್ನು ನಿಲ್ಲಿಸಿ ಕೈ ಬಿಟ್ಟು ನೋಡಿಯಾರು. ಇಷ್ಟು ದೂರ ಬಂದವರು ಮುಂದಿನ ಪುಟಗಳಿಗೆ ಹೆದರಿ ಇಲ್ಲಿಯೇ ನಿಲ್ಲಿಸಿಬಿಟ್ಟಿದ್ದಾರೆ ಎಂದು ಅವರು ಊಹಿಸಿದರೆ, ಅವರ ಊಹೆ ಸರಿಯಾಗಿಯೇ ಇರುತ್ತದೆ.